ದಾಕ್ಷಿಣ್ಯದ ಹಳದಿ ಟೋಪಿ

ನಮ್ಮ ಮನೆಯ ಬಾಗಿಲ ಹಿಂದೆ, ಬೀಗದ ಕೈ ನೇತುಹಾಕುವ ಮೊಳೆಯ ಪಕ್ಕದಲ್ಲೇ, ಒಂದು ಹಳದಿ ಟೋಪಿ ಇದೆ. ಅದರ ಮುಂಭಾಗದಲ್ಲಿ ಆಟೋರಿಕ್ಷಾದ ಚಿತ್ರ, ಚಿತ್ರದ ಕೆಳಗೆ ‘ನಾನು ಚೆನ್ನೈ ನೋಡಿದೆ’ ಎಂದು ಇಂಗ್ಲಿಷಿನಲ್ಲಿ ಬರಹ. ಇದರ ಜೋಡಿ ಇನ್ನೊಂದಿತ್ತು. ನನ್ನ ಹೆಂಡತಿ ವಿಮಲ ಅದನ್ನು ತಾರಸಿಯಲ್ಲಿ ಸಂಡಿಗೆ ಒಣಗಿಸುವಾಗ ಹಾಕಿಕೊಂಡು ಹಾಕಿಕೊಂಡು ಬಣ್ಣಗೆಡಿಸಿದ್ದಾಳೆ. ನನ್ನದು ಮಾತ್ರ ಹೊಸದರ ಹಾಗೇ ಉಳಿದಿದೆ. ಹಾಕಿಕೊಳ್ಳಲು ಧೈರ್ಯವಿಲ್ಲ, ಎಸೆಯಲು ಮನಸ್ಸಿಲ್ಲ. ಬೀಗದ ಕೈ ತೆಗೆಯುವಾಗೆಲ್ಲ ಅದು ಬೆರಳಿಗೆ ತಗಲುತ್ತದೆ, ತಗಲಿದಾಗೆಲ್ಲ ನನ್ನ ಕಿವಿ ಸ್ವಲ್ಪ ಬೆಚ್ಚಗಾಗುತ್ತದೆ.

ಯಾಕೆಂದು ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷದಿಂದ ಚೆನ್ನೈಯಲ್ಲೇ ಇದ್ದೇನೆ. ಮೊದಲು ಅಡ್ಯಾರಿನಲ್ಲಿ ಬಾಡಿಗೆ ಮನೆ, ಆಮೇಲೆ ಬೆಸೆಂಟ್ ನಗರದಲ್ಲಿ ಸ್ವಂತದ್ದೆನ್ನುವ ಎರಡು ಕೋಣೆ. ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಇಷ್ಟು ವರ್ಷದಲ್ಲಿ ಊರು ನೋಡಿದೆಯಾ ಎಂದರೆ, ನೋಡಿದ್ದೇನೆ, ಎಡಗಡೆಯ ಕಿಟಕಿಯಿಂದ. ಬೆಳಿಗ್ಗೆ ಬಸ್ಸಿನಲ್ಲಿ ನನಗೊಂದು ಕಾಯಂ ಸೀಟಿತ್ತು, ಎಡಗಡೆ ಮೂರನೆಯದು. ಬಸ್ಸು ಬೀಚ್ ರಸ್ತೆಯಲ್ಲಿ ಉತ್ತರಕ್ಕೆ ಹೋಗುವಾಗ ಎಡಕ್ಕೆ ಹಳೆಯ ಕಟ್ಟಡಗಳು, ಬಲಕ್ಕೆ ಸಮುದ್ರ. ಹಾಗಾಗಿ ಯಾವ ಕಟ್ಟಡದ ಪಕ್ಕ ಯಾವುದಿದೆ, ಯಾವುದರ ಗೋಡೆಯಲ್ಲಿ ಅರಳಿ ಗಿಡ ಹುಟ್ಟಿದೆ ಎಂಬುದೆಲ್ಲ ನನಗೆ ಬಾಯಿಪಾಠ. ಸಂಜೆ ವಾಪಸು ಬರುವಾಗ ಸಮುದ್ರ ಎಡಕ್ಕೇ ಬರುತ್ತಿತ್ತು ನಿಜ, ಆದರೆ ಅಷ್ಟು ಹೊತ್ತಿಗೆ ನನ್ನ ತಲೆ ಮುಂದಿನ ಸೀಟಿನ ಕಂಬಿಗೆ ಒರಗಿರುತ್ತಿತ್ತು. ಇಪ್ಪತ್ತಾರು ವರ್ಷ ಸಮುದ್ರದ ಪಕ್ಕದಲ್ಲಿ ನಿದ್ದೆ ಮಾಡಿಕೊಂಡು ಹೋದ ಮಹಾನುಭಾವ ನಾನು.

ಹಾಸನದಿಂದ, ತುಮಕೂರಿನಿಂದ ನೆಂಟರು ಬರುತ್ತಿದ್ದರು. ಕಣ್ಣು ತೋರಿಸಲು, ವೀಸಾಕ್ಕೆ, ಕಂಚಿಗೆ ಹೋಗಿ ಸೀರೆ ತರಲು. ಅವರಿಗೆಲ್ಲ ಎಲ್ಲಿ ಇಳಿಯಬೇಕು, ಎಲ್ಲಿ ಕಾಫಿ ಚೆನ್ನಾಗಿರುತ್ತದೆ ಎಂದು ಚೀಟಿ ಬರೆದುಕೊಟ್ಟು ಕಳಿಸುತ್ತಿದ್ದೆವು. ಅವರು ಮ್ಯೂಸಿಯಮ್ಮಿನ ಕಂಚಿನ ವಿಗ್ರಹಗಳನ್ನು ನೋಡಿ ಬಂದು ನಮಗೆ ವರ್ಣಿಸುತ್ತಿದ್ದರು. ‘ನಾವೂ ಒಂದ್ಸಲ ಹೋಗ್ಬೇಕು ಕಣ್ರೀ’ ಎಂದು ವಿಮಲ ಅನ್ನುವುದು, ‘ಊರೇನು ಓಡಿಹೋಗುತ್ತಾ, ನೋಡೋಣ ಬಿಡು’ ಎಂದು ನಾನು ಅನ್ನುವುದು. ಊರು ಓಡಿಹೋಗಲಿಲ್ಲ, ವರ್ಷಗಳು ಓಡಿಹೋದವು.

ಈ ಸಲದ ಪೊಂಗಲ್‌ಗೆ ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಚೀಟಿ ಎತ್ತಿದರು. ಮೊದಲ ಬಹುಮಾನ ಮಿಕ್ಸಿ. ವಿಮಲ ಅದಕ್ಕೆ ಅಡಿಗೆಮನೆಯಲ್ಲಿ ಜಾಗವನ್ನೂ ಮಾಡಿಟ್ಟಿದ್ದಳು. ನಮಗೆ ಬಂದದ್ದು ಮೂರನೆಯದು: ಇಬ್ಬರಿಗೆ ಅರ್ಧ ದಿನ ಆಟೋದಲ್ಲಿ ಚೆನ್ನೈ ದರ್ಶನ, ಜೊತೆಗೆ ವಿವರ ಹೇಳಲು ಗೈಡ್. ಫೋನಿನಲ್ಲಿ ಒಂದು ಅರ್ಜಿ ತುಂಬಬೇಕಿತ್ತು. ಹೆಸರು, ವಯಸ್ಸು, ಊರು. ನಾನು ‘ಹಾಸನ’ ಎಂದು ತುಂಬಿದೆ.

ಇದು ನನ್ನ ತಪ್ಪಲ್ಲ, ನನ್ನ ಕೈಯ ತಪ್ಪು. ಊರು ಎಂಬ ಖಾಲಿ ಜಾಗ ಕಂಡರೆ ಸಾಕು, ಅದು ತಾನಾಗಿ ಹಾಸನ ಎಂದು ಬರೆದುಬಿಡುತ್ತದೆ. ಮಗಳ ಸ್ಕೂಲಿನ ಅರ್ಜಿಯಲ್ಲೂ ಹಾಸನ, ರಕ್ತಪರೀಕ್ಷೆಯ ಚೀಟಿಯಲ್ಲೂ ಹಾಸನ. ಚೆನ್ನೈಯಲ್ಲಿರುವ ನಮ್ಮ ಕಡೆಯವರೆಲ್ಲ ಹೀಗೇ. ಮನೆ ಕಟ್ಟಿಸಿ, ಮಕ್ಕಳಿಗೆ ಮದುವೆ ಮಾಡಿಸಿ, ಮೊಮ್ಮಕ್ಕಳು ತಮಿಳಿನಲ್ಲೇ ಉತ್ತರ ಕೊಡುವ ಹೊತ್ತಿಗೂ ಊರು ಯಾವುದೆಂದರೆ ಮಂಡ್ಯ ಎನ್ನುತ್ತಾರೆ, ಚನ್ನರಾಯಪಟ್ಟಣ ಎನ್ನುತ್ತಾರೆ. ನಾನು ಕಾಯಂ ವಿಳಾಸ ಎಂದು ಬರೆಯುವ ಹಾಸನದ ಮನೆಯ ಜಾಗದಲ್ಲಿ ಈಗ ಬೇಕರಿ ಇದೆಯಂತೆ. ಯಾರಾದರೂ ನನಗೆ ಕಾಗದ ಬರೆದರೆ ಅದು ಬನ್ನು ಮಾರುವವನ ಕೈ ಸೇರುತ್ತದೆ.

ಹೇಳಿದ ದಿನ ಬೆಳಿಗ್ಗೆ ಎಗ್ಮೋರಿನ ಮ್ಯೂಸಿಯಂ ಗೇಟಿಗೆ ಹೋದೆವು. ಅಲ್ಲಿ ಹೂವಿನ ಹಾರ ಹಾಕಿದ ಒಂದು ಆಟೋ, ಅದರ ಪಕ್ಕ ಚೂಡಿದಾರದ ಮೇಲೆ ಖಾಕಿ ಅಂಗಿ ತೊಟ್ಟ ಒಬ್ಬ ಹೆಂಗಸು. ಮೂವತ್ತೈದರ ಆಸುಪಾಸು, ಹೆಸರು ಅಮುದಾ. ಡ್ರೈವರೂ ಅವಳೇ, ಗೈಡೂ ಅವಳೇ. ವಿಮಲಳ ಕೈಗೆ ಒಂದು ಮೊಳ ಮಲ್ಲಿಗೆ ಕೊಟ್ಟಳು, ನಮ್ಮಿಬ್ಬರ ತಲೆಗೂ ಈ ಟೋಪಿ ಹಾಕಿದಳು, ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಶುರುಮಾಡಿದಳು. “ವೆಲ್‌ಕಮ್ ಟು ಚೆನ್ನೈ, ಸಾರ್, ಮೇಡಂ. ಫ್ರಮ್ ಹಾಸನ್. ಫಸ್ಟ್ ಟೈಮ್ ಚೆನ್ನೈ?”

ಆ ಪ್ರಶ್ನೆ ಕೇಳುವಾಗ ಅವಳ ಮುಖದಲ್ಲಿ ಅಷ್ಟೊಂದು ಆಸೆ ಇತ್ತು. ಅವಳು ಕಲಿತದ್ದೆಲ್ಲ ಆ ಪ್ರಶ್ನೆಗೆ ಹೌದೆಂಬ ಉತ್ತರದ ಮೇಲೇ ನಿಂತಿತ್ತು ಎಂದು ನೋಡಿದರೇ ಗೊತ್ತಾಗುತ್ತಿತ್ತು. ನಾನು “ಯೆಸ್” ಎಂದುಬಿಟ್ಟೆ. ವಿಮಲ ನನ್ನ ತೋಳಿಗೆ ಚಿವುಟಿದಳು.

ಇಲ್ಲ ಅನ್ನಲಾಗದೆ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂಬುದು ದಾಕ್ಷಿಣ್ಯದ ಜನಕ್ಕೆ ಮಾತ್ರ ಗೊತ್ತು. ಮೊದಲ ನಿಮಿಷದಲ್ಲಿ ಹೇಳಿದ್ದರೆ ನಗುವ ವಿಷಯ. ಹತ್ತು ನಿಮಿಷದ ಮೇಲೆ ಹೇಳಿದರೆ ಅವಮಾನ. ಅರ್ಧ ಗಂಟೆ ಕಳೆದರೆ ಮೋಸ. ಆಟೋ ಹೈಕೋರ್ಟಿನ ಕೆಂಪು ಗುಮ್ಮಟಗಳ ಮುಂದೆ ನಿಂತಾಗ ವಿಮಲ ಕಿವಿಯಲ್ಲಿ ಅಂದಳು: “ಈಗ್ಲಾದ್ರೂ ಹೇಳ್ರೀ. ಅಪ್ಪುರಂ, ಆಮೇಲೆ ಹೇಳ್ತೀನಿ ಅಂದ್ರೆ ಆಗಲ್ಲ. ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇಲ್ಲ ಅಂತ ನಿಮ್ಮಮ್ಮನೇ ಹೇಳ್ತಿರ್ಲಿಲ್ವಾ?” ಮುಂದಿನ ಸಿಗ್ನಲಿನಲ್ಲಿ ಹೇಳೋಣ ಎಂದುಕೊಂಡೆ. ಅವತ್ತು ನನ್ನ ಗ್ರಹಚಾರಕ್ಕೆ ಸಿಗ್ನಲುಗಳೆಲ್ಲ ಹಸಿರು.

ಅಮ್ಮ ಹಾಗೆ ಹೇಳುತ್ತಿದ್ದದ್ದು ನಿಜ, ಆದರೆ ನನಗೆ ದಾಕ್ಷಿಣ್ಯ ಕಲಿಸಿದವಳೂ ಅವಳೇ. ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತರೆ ಎರಡನೇ ಹೋಳಿಗೆಗೆ ‘ಸಾಕು’ ಎನ್ನಬೇಕು, ಇಲ್ಲದಿದ್ದರೆ ಎಲೆಯ ಕೆಳಗಿಂದ ತೊಡೆಗೆ ಗಿಲ್ಲು ಬೀಳುತ್ತಿತ್ತು. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಪಕ್ಕದ ಬೀದಿಯ ಸೀತಮ್ಮನವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪಂಕ್ತಿಯ ಮೊದಲನೆಯವನು ನಾನು. ಪಾಯಸ ಬಡಿಸಿ ಹೇಗಿದೆಯೋ ಮಗೂ ಎಂದು ಸೀತಮ್ಮ ಕೇಳಿದರು. ಬಾಯಿಗಿಟ್ಟರೆ ಉಪ್ಪು! ಗಡಿಬಿಡಿಯಲ್ಲಿ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ನಾನು ‘ಚೆನ್ನಾಗಿದೆ’ ಎಂದೆ. ಖುಷಿಯಾಗಿ ಇನ್ನೊಂದು ಸೌಟು ಹಾಕಿದರು, ಅದನ್ನೂ ಕುಡಿದೆ. ಆಮೇಲೆ ಇಡೀ ಪಂಕ್ತಿಗೆ ಬಡಿಸಿದರು. ಮುಂದೆ ಏನಾಯಿತು ಎಂದು ಹೇಳಬೇಕಾಗಿಲ್ಲ. ಜನ ನಕ್ಕದ್ದು ನನಗೆ ಮರೆತಿದೆ. ಸೀತಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದು, ನನ್ನ ಮುಂದೆ ಕೂತು, “ನೀನಾದ್ರೂ ಹೇಳಬಾರದಿತ್ತೇನೋ?” ಎಂದದ್ದು ಮರೆತಿಲ್ಲ. ಆದರೆ ಕಲಿತೆನೇ? ಇಲ್ಲ.

ಅಮುದಾ ಚೆನ್ನಾಗಿ ಹೇಳುತ್ತಿದ್ದಳು. ಆಟೋ ನಿಲ್ಲಿಸಿ, ಹಿಂದಕ್ಕೆ ತಿರುಗಿ, ಕೈ ಬೀಸಿ, ಕಥೆಯ ನಡುವೆ ಸರಿಯಾದ ಕಡೆ ನಿಲ್ಲಿಸಿ. ಬೀಚ್ ರಸ್ತೆಗೆ ಬಂದು ವಿಶ್ವವಿದ್ಯಾಲಯದ ಕೆಂಪು ಕಟ್ಟಡದ ಮುಂದೆ ನಿಲ್ಲಿಸಿದಳು. ಆ ಕಟ್ಟಡ ನನಗೆ ಚೆನ್ನಾಗಿ ಗೊತ್ತು. ಮಗಳ ಅಂಕಪಟ್ಟಿಯ ಪ್ರತಿ ತರಲು ಹೋಗಿ ಅದರ ಎದುರು ಒಂದು ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ನಿಂತಿದ್ದೇನೆ. ಅಮುದಾ ಹೇಳಿದಳು: ಇದು ಐಸ್ ಹೌಸ್. ಫ್ರಿಜ್ ಇಲ್ಲದ ಕಾಲದಲ್ಲಿ ಬ್ರಿಟಿಷ್ ದೊರೆಗಳಿಗೆ ಅಮೆರಿಕದಿಂದ ಹಡಗಿನಲ್ಲಿ ಐಸ್ ಬರುತ್ತಿತ್ತು, ಮರದ ಹೊಟ್ಟಿನಲ್ಲಿ ಮುಚ್ಚಿ ಸಮುದ್ರಗಳನ್ನು ದಾಟಿಸಿ ತಂದು, ಇಗೋ, ಇಲ್ಲೇ ಇಡುತ್ತಿದ್ದರು.

ಕಥೆ ನಿಜ, ಕಟ್ಟಡ ತಪ್ಪು. ಐಸ್ ಹೌಸ್ ಇನ್ನೂ ಮುಂದಿದೆ, ದುಂಡು ಮುಖದ ಕಟ್ಟಡ. ಮುಂದೆ ಹೋಗಿ ಆ ದುಂಡು ಕಟ್ಟಡದ ಎದುರು ನಿಲ್ಲಿಸಿ, ಇಲ್ಲಿ ಹುಡುಗರಿಗೆ ಡಿಗ್ರಿ ಕೊಡುತ್ತಿದ್ದರು, ಒಳಗೆ ಬಹಳ ದೊಡ್ಡ ಹಾಲ್ ಇದೆ ಎಂದಳು. ಅದು ಹೇಗಾಯಿತು ಎಂದು ನನಗೆ ಹೊಳೆಯಿತು. ಅವಳ ಹ್ಯಾಂಡಲಿನ ಪಕ್ಕ ಒಂದು ನೋಟ್‌ಬುಕ್ ಸಿಕ್ಕಿಸಿತ್ತು, ಅದರಲ್ಲಿ ಜಾಗಗಳ ಪಟ್ಟಿ. ದಕ್ಷಿಣದಿಂದ ಉತ್ತರಕ್ಕೆ ಕಲಿತಿದ್ದಾಳೆ, ಇವತ್ತು ಉತ್ತರದಿಂದ ದಕ್ಷಿಣಕ್ಕೆ ಬರುತ್ತಿದ್ದಾಳೆ. ನಡುವೆ ಎಲ್ಲೋ ಎರಡು ಅದಲುಬದಲಾಗಿವೆ. ನಾನು ‘ವೆರಿ ಗುಡ್’ ಎಂದೆ. ಪಾಯಸ ಚೆನ್ನಾಗಿದೆ!

ಮೈಲಾಪುರದ ಕೊಳದ ಹತ್ತಿರ ನೆರಳಲ್ಲಿ ಆಟೋ ನಿಲ್ಲಿಸಿ ನಮಗೆ ಕಾಫಿ ತಂದುಕೊಟ್ಟಳು. ಅಷ್ಟರಲ್ಲಿ ಅವಳಿಗೆ ಫೋನು ಬಂತು. ಮುಂದಿನ ಸೀಟಿನಲ್ಲೇ ಕೂತು, ಹಾಸನದ ಮುದುಕರಿಗೆ ತಮಿಳು ಎಲ್ಲಿಂದ ಬರಬೇಕು ಎಂಬ ನಿಶ್ಚಿಂತೆಯಲ್ಲಿ, ಅಕ್ಕನ ಜೊತೆ ಮಾತಾಡಿದಳು. ಬೇಡವೆಂದರೂ ಎಲ್ಲವೂ ಕಿವಿಗೆ ಬಿತ್ತು. ಊರಂಚಿನ ತಾಂಬರಂ ಕಡೆಯವಳು, ಇಷ್ಟು ವರ್ಷ ಅಲ್ಲೇ ಸ್ಕೂಲು ಮಕ್ಕಳನ್ನೂ ಸ್ಟೇಷನ್ನಿನ ಜನರನ್ನೂ ಒಯ್ಯುತ್ತಿದ್ದವಳು. ಮೂರು ತಿಂಗಳಿಂದ ಬೇರೆ ಡ್ರೈವರುಗಳ ಹಿಂದೆ ಕೂತು ಕಲಿತಿದ್ದಾಳೆ. ಒಬ್ಬಳೇ ಬಂದಿರುವುದು ಇವತ್ತೇ ಮೊದಲು. ಕೊನೆಯಲ್ಲಿ ನಾವು ಅಭಿಪ್ರಾಯದ ಕಾಗದದಲ್ಲಿ ಒಳ್ಳೆಯದು ಬರೆದರೆ ಸೋಮವಾರದಿಂದ ಈ ಆಟೋ ದರ್ಶನದ ಕಂಪನಿಯಲ್ಲಿ ದಿನವೂ ಕೆಲಸ. ಇಲ್ಲದಿದ್ದರೆ ವಾಪಸು ಸ್ಕೂಲಿನ ಗೇಟಿಗೆ. “ಒಂದೂ ತಪ್ಪಿಲ್ಲದೆ ಹೇಳ್ತಾ ಇದ್ದೀನಿ ಅಕ್ಕಾ,” ಎಂದಳು ತಮಿಳಿನಲ್ಲಿ. “ಪಾಪ, ತುಂಬಾ ಒಳ್ಳೆಯವರು. ಏನು ಹೇಳಿದರೂ ತಲೆ ಆಡಿಸ್ತಾರೆ.”

ನಾವಿಬ್ಬರೂ ಕಾಫಿಯ ಲೋಟದೊಳಗೆ ಮುಖ ಇಟ್ಟುಕೊಂಡೆವು. ಬೆಳಗಿನಿಂದ ಹೇಳಿ ಹೇಳಿ ಎಂದು ಚಿವುಟುತ್ತಿದ್ದ ವಿಮಲ ಈಗ, “ಇನ್ನು ಬಾಯಿ ಬಿಟ್ಟೀರಾ ಜೋಕೆ,” ಎಂದಳು. ಆ ಹೆಣ್ಣುಮಗಳ ಹೊಟ್ಟೆಪಾಡಿನ ಪ್ರಶ್ನೆ, ಒಂದು ಕಟ್ಟಡ ಅತ್ತಿತ್ತ ಆದರೆ ಯಾರ ಗಂಟು ಹೋಯಿತು, ಚೆನ್ನಾಗಿ ಬರೆದುಕೊಟ್ಟು ಹೋಗೋಣ ಎಂದು ತೀರ್ಮಾನಿಸಿದೆವು. ಬಹಳ ದೊಡ್ಡ ಮನಸ್ಸು ಮಾಡಿದ ಹಾಗೆ ಅನ್ನಿಸಿ ಒಳಗೊಳಗೇ ಹಿತವಾಗಿತ್ತು.

ಕೊನೆಯ ಜಾಗ ಬೆಸೆಂಟ್ ನಗರದ ಬೀಚು. ನಮ್ಮ ಮನೆಯಿಂದ ಏಳು ನಿಮಿಷದ ನಡಿಗೆ. ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡು ಕೂತೆ. ಆದರೆ ದಿನಾ ನಮ್ಮ ಮನೆಗೆ ಹೂವು ಕೊಡುವ ಪಟ್ಟಮ್ಮ ಬೀದಿಯ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವಳ ಕಣ್ಣಿಗೆ ಟೋಪಿ ಏನು ಅಡ್ಡ? “ಎನ್ನಮ್ಮಾ, ತೊಪ್ಪಿಯೆಲ್ಲಾಂ ಪೋಟ್ಟುಕಿಟ್ಟು ಎಂಗ ಪೋಯಿಟ್ಟು ವರೀಂಗ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಟೋಪಿ ಹಾಕಿಕೊಂಡು ಎಲ್ಲಿಗೆ ಹೋಗಿ ಬಂದಿರಿ ಎಂದು ವಿಚಾರಿಸಿದಳು. ಮಾತು ಅಲ್ಲಿಗೇ ನಿಂತಿದ್ದರೆ ತಪ್ಪಿಸಿಕೊಳ್ಳಬಹುದಿತ್ತೋ ಏನೋ. ನಿನ್ನೆ ಕೊಟ್ಟ ಕನಕಾಂಬರ ಹೇಗಿತ್ತು ಎಂದೂ ಕೇಳಿದಳು. ವಿಮಲಳಿಗೆ ಆ ಕನಕಾಂಬರದ ಮೇಲೆ ನಿನ್ನೆಯಿಂದ ಸಿಟ್ಟಿತ್ತು. ಬಾಡಿದ ಹೂವು ಕೊಟ್ಟೆ, ಇಷ್ಟು ವರ್ಷದ ಗಿರಾಕಿಗೆ ಹೀಗೆ ಮಾಡುತ್ತೀಯಾ ಎಂದು ಅಚ್ಚ ಚೆನ್ನೈ ತಮಿಳಿನಲ್ಲಿ, ಉಸಿರು ತೆಗೆಯದೆ ದಬಾಯಿಸಿದಳು. ದಬಾಯಿಸಿ ಮುಗಿದ ಮೇಲೆ ಅವಳಿಗೆ ನೆನಪಾಯಿತು.

ಅಮುದಾ ಎಂಜಿನ್ ಆರಿಸಿದಳು. ನಾನು ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ. ಚೀಟಿ, ಮಿಕ್ಸಿ, ಹಾಸನ, ಯೆಸ್ ಎಂದದ್ದು, ಮೂವತ್ತೊಂದು ವರ್ಷ. ಫೋನಿನಲ್ಲಿ ಅಕ್ಕನಿಗೆ ಹೇಳಿದ್ದು ಕೇಳಿಸಿತೆಂದೂ ಹೇಳಿದೆ. ಅವಳ ಕುತ್ತಿಗೆ ಕೆಂಪಾಯಿತು.

“ಹಾಗಾದರೆ ನಾನು ಹೇಳಿದ್ದರಲ್ಲಿ ತಪ್ಪಿತ್ತಾ ಸಾರ್?” ಎಂದಳು.

ಐಸ್ ಹೌಸಿನ ವಿಷಯ ಹೇಳಿದೆ. ನೋಟ್‌ಬುಕ್ ತೆಗೆದು, ಬೆರಳಿಟ್ಟು, ತುಟಿಯಲ್ಲೇ ಓದಿಕೊಂಡಳು. ಆಮೇಲೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಮಾತು ಗಟ್ಟಿಯಾಗಿಯೇ ಇತ್ತು.

“ನೀವು ಒಳ್ಳೇದು ಅಂತ ಬರೆದು ಮನೆಗೆ ಹೋಗ್ತಿದ್ದಿರಿ. ನಾನು ಸೋಮವಾರದಿಂದ ದಿನಾ ಎಲ್ಲರಿಗೂ ತಪ್ಪೇ ಹೇಳ್ತಿದ್ದೆ. ಯಾರೋ ಒಬ್ಬರು ನಗ್ತಿದ್ದರು. ಈ ಊರಿನವರೇ ಆಗಿದ್ದು, ನೀವು ಹೇಳಬಾರದಿತ್ತಾ ಸಾರ್?”

ಸೀತಮ್ಮ ನನ್ನ ಎದುರು ಕೂತು ಕೇಳಿದ ಹಾಗೇ ಆಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಬಂದ ಹೊಸತರಲ್ಲಿ ಅಡ್ಯಾರಿನ ತರಕಾರಿ ಅಂಗಡಿಯ ಮುದುಕಿ ನನ್ನ ತಮಿಳು ಕೇಳಿ ಪಕ್ಕದ ಅಂಗಡಿಯವಳನ್ನೂ ಕರೆದು ನಕ್ಕಿದ್ದಳು, ಬೆಂಡೆಕಾಯಿಯ ಹೆಸರನ್ನು ಮೂರು ಸಲ ಸರಿಯಾಗಿ ಹೇಳಿಸಿದ ಮೇಲೆಯೇ ತೂಗಿದ್ದಳು. ಬಸ್ಸಿನ ಕಂಡಕ್ಟರು, ಹಾಲಿನವನು, ಕಚೇರಿಯ ಪೇದೆ, ಒಬ್ಬರಾದರೂ ನನ್ನನ್ನು ಸುಮ್ಮನೆ ಬಿಟ್ಟವರಲ್ಲ. ನಿಂತರೆ ಹೀಗಲ್ಲ ಹಾಗೆ ನಿಲ್ಲಿ, ಅಂದರೆ ಹೀಗಲ್ಲ ಹಾಗೆ ಅನ್ನಿ. ಈ ಊರಿನ ಜನಕ್ಕೆ ದಾಕ್ಷಿಣ್ಯವೆಂಬುದೇ ಇಲ್ಲ ಎಂದು ಎಷ್ಟು ವರ್ಷ ಗೊಣಗಿದ್ದೇನೆ! ನೆಂಟರ ತಪ್ಪನ್ನು ಯಾರೂ ತಿದ್ದುವುದಿಲ್ಲ, ತಿದ್ದುವುದು ಮನೆಯವರನ್ನು ಎಂಬುದು ಆ ಆಟೋದಲ್ಲಿ ಕೂತಾಗ ತಲೆಗೆ ಹೋಯಿತು. ಅವರು ನನ್ನನ್ನು ಮೊದಲ ವಾರವೇ ಮನೆಯವನ ಲೆಕ್ಕಕ್ಕೆ ಹಾಕಿಕೊಂಡಿದ್ದರು. ನೆಂಟನ ಹಾಗೆ ಉಳಿದವನು ನಾನೇ.

“ಆಟೋ ತಿರುಗಿಸಮ್ಮ,” ಎಂದೆ. “ತೋರಿಸ್ತೀನಿ.”

ಬೀಚ್ ರಸ್ತೆಗೆ ಮತ್ತೆ ಹೋದೆವು. ದುಂಡು ಕಟ್ಟಡದ ಮುಂದೆ ಇಳಿದು ಅವಳು ಸುತ್ತ ನೋಡಿದಳು, ಎದುರಿನ ಬಸ್ ಸ್ಟಾಪನ್ನೂ ಗುರುತಿಗೆ ಬರೆದುಕೊಂಡಳು. ನಾನು ಒಂದೊಂದೇ ಕಟ್ಟಡ ಹೇಳುತ್ತ ಹೋದೆ, ಅವಳು ತಿರುಗಿ ನನಗೇ ಒಪ್ಪಿಸಿದಳು. ತಪ್ಪಿದಾಗ ‘ಅಲ್ಲ’ ಎಂದೆ. ನನ್ನ ಜೀವಮಾನದಲ್ಲಿ ಒಂದೇ ದಿನ ಅಷ್ಟು ಸಲ ‘ಅಲ್ಲ’ ಎಂದದ್ದಿಲ್ಲ. ಒಂದೆರಡು ಕಡೆ ಅವಳೇ ನನ್ನನ್ನು ತಿದ್ದಿದಳು. ನಾನು ಸೆರೆಮನೆ ಎಂದು ಇಪ್ಪತ್ತಾರು ವರ್ಷ ನಂಬಿದ್ದ ಕಟ್ಟಡವೊಂದು ಕಾಲೇಜಿನ ಹಾಸ್ಟೆಲಂತೆ. ವಾಪಸು ಬರುವಾಗ ಸಮುದ್ರ ಎಡಕ್ಕೆ ಬಂತು. ನಿದ್ದೆ ಬರಲಿಲ್ಲ. ನೋಡಿದೆ. ಇಷ್ಟು ಹತ್ತಿರ ಇತ್ತಲ್ಲ ಎಂದು ಒಂಥರಾ ಸಂಕಟವಾಯಿತು.

ನಮ್ಮ ಮನೆಯ ಗೇಟಿನಲ್ಲಿ ಇಳಿಸಿ ಕಾಗದ ಕೊಟ್ಟಳು. ಚೆನ್ನಾಗಿ ಹೇಳುತ್ತಾಳೆ ಎಂದು ಬರೆದೆ. ತಪ್ಪೇನಾದರೂ ಇತ್ತೇ ಎಂಬ ಜಾಗವನ್ನು ಖಾಲಿ ಬಿಡಿ ಎಂದು ವಿಮಲ ಕಣ್ಣುಸನ್ನೆ ಮಾಡಿದಳು. ಬರೀರಿ ಸಾರ್ ಎಂದಳು ಅಮುದಾ. ಒಂದು ತಪ್ಪಿತ್ತು, ಅದೇ ದಿನ ಮತ್ತೆ ಅಲ್ಲಿಗೆ ಹೋಗಿ ತಾನೇ ತಿದ್ದಿಕೊಂಡಳು, ಇಂಥ ಗೈಡ್ ಸಿಗುವುದು ಅಪರೂಪ ಎಂದು ಬರೆದು ರುಜು ಹಾಕಿದೆ. ಅವಳು ಕಾಗದವನ್ನು ಮೇಲಿಂದ ಕೆಳಗೆ ನೋಡಿ, ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಊರು: ಹಾಸನ.

“ಇದು?” ಎಂದಳು.

ಪೆನ್ನು ಕೈಯಲ್ಲೇ ಇತ್ತು. ಏನಾಯಿತೋ, ಹೊಡೆದುಹಾಕಲು ಮನಸ್ಸು ಬರಲಿಲ್ಲ. ಅದು ನೇಟಿವ್ ಕಣಮ್ಮ, ಇರಲಿ ಬಿಡು ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಕಾಗದ ಮಡಿಸಿಕೊಂಡು ಹೋದಳು. ಕೆಲಸ ಸಿಕ್ಕಿತೋ ಇಲ್ಲವೋ ಎಂಬ ಯೋಚನೆ ನಮ್ಮಿಬ್ಬರನ್ನೂ ಬಹಳ ದಿನ ಕಾಡಿತು. ಆ ತಪ್ಪಿನ ವಿಷಯ ಬರೆಯಬಾರದಿತ್ತು ಎಂದು ವಿಮಲ ಸಂಡಿಗೆ ಇಡುವಾಗೆಲ್ಲ ನನ್ನನ್ನು ಬೈದಳು. ಕಂಪನಿಗೆ ಫೋನು ಮಾಡಿ ವಿಚಾರಿಸೋಣವೆಂದರೆ, ಅದಕ್ಕೂ ದಾಕ್ಷಿಣ್ಯ.

ಮೊನ್ನೆ ಹಳೆಯ ಕಚೇರಿಯಲ್ಲಿ ಯಾವುದೋ ಕಾಗದದ ಕೆಲಸವಿತ್ತು. ಅದೇ ಬಸ್ಸು, ಎಡಗಡೆಯದೇ ಕಿಟಕಿ. ದುಂಡು ಕಟ್ಟಡದ ಮುಂದೆ ಬಸ್ಸು ಸಿಗ್ನಲಿಗೆ ನಿಂತಿತು. ಕೆಳಗೆ ರಸ್ತೆಯ ಅಂಚಿನಲ್ಲಿ ಹೂವಿನ ಹಾರದ ಆಟೋ, ಅದರೊಳಗೆ ಹಳದಿ ಟೋಪಿ ಹಾಕಿದ ವಿದೇಶಿ ದಂಪತಿ, ನಮ್ಮಷ್ಟೇ ವಯಸ್ಸಿನವರು. ಮುಂದೆ ಖಾಕಿ ಅಂಗಿ. ಅಮೆರಿಕದಿಂದ ಬಂದ ಐಸು, ಮರದ ಹೊಟ್ಟು, ಹಡಗು, ಎಲ್ಲವೂ ಸರಿಯಾದ ಬಾಗಿಲಿನ ಮುಂದೆ ಬಂದು ಇಳಿಯುತ್ತಿದ್ದವು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕಿಟಕಿಯ ಕಂಬಿಗೆ ಮುಖ ಒತ್ತಿಕೊಂಡು ಕೂತುಬಿಟ್ಟೆ.

ಅಮುದಾ ತಲೆಯೆತ್ತಿದಳು. ಕಥೆ ನಿಲ್ಲಿಸಿ, ಹೈಕೋರ್ಟು ತೋರಿಸಿದಂತೆಯೇ ನನ್ನ ಕಡೆ ಕೈ ತೋರಿಸಿ, ಆ ದಂಪತಿಗೆ ಇಂಗ್ಲಿಷಿನಲ್ಲಿ ಹೇಳಿದಳು: “ದಟ್ ಸಾರ್, ಇನ್ ದ ಬಸ್. ಹಿ ಈಸ್ ಫ್ರಮ್ ಚೆನ್ನೈ.”

ಅವರಿಬ್ಬರೂ ಟೋಪಿ ಎತ್ತಿ ನನಗೆ ಕೈ ಬೀಸಿದರು. ಸಿಗ್ನಲು ಇನ್ನೂ ಕೆಂಪಾಗಿತ್ತು, ಹೊತ್ತು ಬೇಕಾದಷ್ಟಿತ್ತು, ‘ಅಲ್ಲ’ ಎನ್ನುವುದನ್ನೂ ಈಗ ಕಲಿತಿದ್ದೆ. ಆದರೆ ಅವಳು ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.